ಮೊಡವೆಗೆ ಬೇರೆ ಪ್ಯಾಕೇಜ್, ಸರ್

ನನ್ನ ಮುಖ ಸಾರ್ವಜನಿಕ ಆಸ್ತಿ ಅಂತ ನನಗೆ ಗೊತ್ತಾದದ್ದು ಲಿಫ್ಟಿನಲ್ಲಿ. ನಾಲ್ಕನೇ ಮಹಡಿಯ ಹಿರಿಯರೊಬ್ಬರಿದ್ದಾರೆ, ನನ್ನ ಹೆಸರು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಬಾಗಿಲು ಮುಚ್ಚಿಕೊಳ್ಳುವ ಮೊದಲೇ ನನ್ನ ಗಲ್ಲ ದಿಟ್ಟಿಸಿ, “ಏನಪ್ಪಾ, ಇನ್ನೂ ಹೋಗಿಲ್ವಾ?” ಅಂದರು. ಹೋಗಬೇಕಾದದ್ದು ನಾನೋ ಮೊಡವೆಯೋ ಅಂತ ಒಂದು ಕ್ಷಣ ಗೊಂದಲವಾಯಿತು. ಕೆಳಗೆ ತಲುಪುವಷ್ಟರಲ್ಲಿ ಮೂರು ಔಷಧಿ ಬರೆದುಕೊಟ್ಟಾಗಿತ್ತು: ಟೂತ್‌ಪೇಸ್ಟ್ ಹಚ್ಚು, ನಿಂಬೆರಸ ಉಜ್ಜು, ಹೊಟ್ಟೆ ಸರಿಯಾಗಿ ಕ್ಲೀನ್ ಆಗ್ತಿದ್ಯಾ ನೋಡ್ಕೋ.

ಅವರ ತಲೆಯಲ್ಲಿ ಒಂದೂ ಕೂದಲಿಲ್ಲ. ಅದರ ಬಗ್ಗೆ ನಾನು ಯಾವತ್ತೂ ಬಾಯಿ ಬಿಟ್ಟಿಲ್ಲ.

ನಿಂಬೆರಸದ ಪಿಎಚ್ 2ರ ಆಸುಪಾಸು, ಚರ್ಮದ ಮೇಲ್ಪದರದ್ದು 5ರ ಆಸುಪಾಸು. ಪಿಎಚ್ ಒಂದು ಅಂಕಿ ಇಳಿದರೆ ಆಮ್ಲ ಹತ್ತು ಪಟ್ಟು ಏರುತ್ತದೆ, ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಸಾವಿರ ಪಟ್ಟು ಆಮ್ಲ. ಟೂತ್‌ಪೇಸ್ಟ್ ಮಾಡಿದ್ದು ಹಲ್ಲು ಉಜ್ಜಲಿಕ್ಕೆ, ಮತ್ತು ಇನ್ನೂ ನನ್ನ ಗಲ್ಲದ ಮೇಲೆ ಹಲ್ಲು ಬಂದಿಲ್ಲ. ಆದರೆ ಇದನ್ನೆಲ್ಲ ವಿವರಿಸಲು ಲಿಫ್ಟ್ ಸಾಲದು, ಕಟ್ಟಡ ಇನ್ನೂ ಎತ್ತರ ಇರಬೇಕಿತ್ತು.

ಮುಖದ ವಸ್ತುಸ್ಥಿತಿ ಹೇಳಿಬಿಡುತ್ತೇನೆ. ವಯಸ್ಸು ಮೂವತ್ನಾಲ್ಕು. ಹದಿಹರೆಯದ ಮೊಡವೆಗಳು ಹೋಗುವಾಗ ಕೆನ್ನೆ ತುಂಬ ಗುಳಿ ಬಿಟ್ಟು ಹೋದವು. ಹೋದವು ಅಂದರೆ ಪೂರ್ತಿ ಹೋಗಲಿಲ್ಲ, ತಿಂಗಳಿಗೆ ಎರಡೋ ಮೂರೋ ಇವತ್ತಿಗೂ ಗಲ್ಲದ ಮೇಲೆ ಬಂದು ಕ್ಷೇಮ ವಿಚಾರಿಸಿಕೊಂಡು ಹೋಗುತ್ತವೆ. ಹಳೇ ಸಾಲ ತೀರಿಲ್ಲ, ಹೊಸ ಸಾಲ ನಿಂತಿಲ್ಲ.

ಹೀಗಾಗಿ ಒಂದು ದಿನ ಹೊಳೆಯುವ ನೆಲದ ಒಂದು ಕ್ಲಿನಿಕ್‌ಗೆ ಹೋದೆ. ಬಿಳಿ ಕೋಟು ಹಾಕಿಕೊಂಡ ಹುಡುಗಿ ಸಿಕ್ಕಳು. ಡಾಕ್ಟರಲ್ಲ, ‘ಕೌನ್ಸೆಲರ್’. ನನ್ನ ಮುಖವನ್ನು ಒಂದು ಡಬ್ಬಿಯೊಳಗೆ ತೂರಿಸಿ ಫೋಟೋ ತೆಗೆದು ಗೋಡೆಯಷ್ಟು ದೊಡ್ಡ ಪರದೆ ಮೇಲೆ ಹಾಕಿದಳು. ನನ್ನ ಮೂಗಿನ ಮೇಲಿನ ಒಂದು ರೋಮರಂಧ್ರದೊಳಗೆ ಕೊಡ ಇಳಿಸಿ ನೀರು ಸೇದಬಹುದಿತ್ತು. ಆ ಅಳತೆಗೆ ಹಿಗ್ಗಿಸಿದರೆ ಯಾವ ಚೆಲುವೆಯ ಮುಖವೂ ಕಲ್ಲುಕ್ವಾರಿಯೇ, ಆದರೆ ಆ ಹೊತ್ತಿಗೆ ಯೋಚನೆ ಓಡಲಿಲ್ಲ, ಪರ್ಸ್ ಇರುವ ಜೇಬಿಗೆ ಕೈ ಮಾತ್ರ ಓಡಿತು.

“ಗುಳಿಗೆ ಲೇಸರ್ ಆರು ಸಿಟ್ಟಿಂಗ್ ಸರ್, ಏಳನೆಯದು ಫ್ರೀ.”

“ಗಲ್ಲದ ಮೇಲೆ ಮೊಡವೆ ಇನ್ನೂ ಇದೆಯಲ್ಲಮ್ಮ?”

“ಅದಕ್ಕೆ ಬೇರೆ ಪ್ಯಾಕೇಜ್, ಸರ್.”

“ಲೇಸರ್‌ನಿಂದ ನನ್ನಂಥ ಕಂದು ಚರ್ಮಕ್ಕೆ ಕಪ್ಪು ಕಲೆ ಬೀಳುತ್ತೆ ಅಂತಾರೆ?”

“ಪಿಗ್ಮೆಂಟೇಶನ್ ಪ್ಯಾಕೇಜೂ ಇದೆ, ಸರ್.”

ಸೋರುವ ಸೂರಿನ ಕೆಳಗೆ ಗೋಡೆಗೆ ಸುಣ್ಣ ಬಳಿಯುವವರನ್ನು ನೋಡಿದ್ದೆ. ಸುಣ್ಣದ ಜೊತೆ ಸೋರಿಕೆಯನ್ನೂ ಪ್ರತ್ಯೇಕವಾಗಿ ಮಾರುವವರನ್ನು ನೋಡಿದ್ದು ಅವತ್ತೇ. ಇದ್ದ ಗುಳಿ ತುಂಬಿಸುವ ಹೊತ್ತಿಗೆ ಹೊಸ ಮೊಡವೆ ಹೊಸ ಗುಳಿ ತೋಡಿರುತ್ತದೆ. ವ್ಯಾಪಾರವಾಗಿ ನೋಡಿದರೆ ಇದಕ್ಕಿಂತ ಒಳ್ಳೆಯ ಗಿರಾಕಿ ಎಲ್ಲಿ ಸಿಗಬೇಕು?

ನಂಬಿಕೆ ಬರಲಿ ಅಂತ ಒಂದು ಆಲ್ಬಮ್ ತೋರಿಸಿದಳು, ‘ಮೊದಲು’ ಮತ್ತು ‘ನಂತರ’. ‘ಮೊದಲು’ ಫೋಟೋದ ಮನುಷ್ಯನಿಗೆ ಗಡ್ಡ ಬಂದಿದೆ, ಸಾಲಗಾರ ಬಾಗಿಲಲ್ಲಿ ನಿಂತ ಹಾಗೆ ಮುಖ ಮಾಡಿದ್ದಾನೆ, ಬೆಳಕು ಪಕ್ಕದಿಂದ. ‘ನಂತರ’ದಲ್ಲಿ ಕ್ಷೌರ, ನಗು, ಬೆಳಕು ನೇರ ಎದುರಿನಿಂದ. ನನಗೆ ಆ ಬೆಳಕಿನ ಮೇಲೇ ಗುಮಾನಿ. ರಾತ್ರಿ ಮನೆಯಲ್ಲಿ ಕನ್ನಡಿ ಮುಂದೆ ನಿಂತು ಟಾರ್ಚ್ ಹಿಡಿದೆ. ಕಿವಿಯ ಪಕ್ಕದಿಂದ ಬಿಟ್ಟರೆ ಕೆನ್ನೆ ಥೇಟ್ ಚಂದ್ರಲೋಕ, ಒಂದೊಂದು ಗುಳಿಗೂ ಅದರದೇ ನೆರಳು. ಟಾರ್ಚನ್ನು ಮೂಗಿನ ನೇರಕ್ಕೆ ತಂದೆ: ನೆರಳಿಲ್ಲ, ಗುಳಿಯೂ ಇಲ್ಲ. ಚಿಕಿತ್ಸೆಯ ಅವಧಿ ಎರಡು ಸೆಕೆಂಡ್. ಏಳನೆಯದೂ ಫ್ರೀ.

ಫೋನಿನೊಳಗಿನ ಪಂಡಿತರದ್ದು ಇನ್ನೊಂದು ಕಥೆ. ಬೆಳಿಗ್ಗೆ ಐದು ಬಾಟಲಿ, ರಾತ್ರಿ ಏಳು. ಸೋಮವಾರ ಚರ್ಮ ಸುಲಿಯುವ ಆಸಿಡ್, ಮಂಗಳವಾರ ಸುಲಿದ ಚರ್ಮಕ್ಕೆ ‘ಬ್ಯಾರಿಯರ್ ರಿಪೇರಿ’ ಕ್ರೀಮ್, ಎರಡಕ್ಕೂ ಕೆಳಗೆ ಒಂದೇ ಕೂಪನ್ ಕೋಡ್. ಅವರ ಬತ್ತಳಿಕೆಯ ಬ್ರಹ್ಮಾಸ್ತ್ರ ‘ಪರ್ಜಿಂಗ್’, ಅಂದರೆ ಗುಣವಾಗುವ ಮೊದಲು ಮೊಡವೆ ಉಕ್ಕುವುದು. ರೆಟಿನಾಯ್ಡ್ ಎಂಬ, ವಿಟಮಿನ್ ‘ಎ’ ಬಳಗದ ಮೊಡವೆ ಔಷಧಿ ಹಚ್ಚಲು ಶುರುಮಾಡಿದ ಮೊದಲ ಕೆಲವು ವಾರ ಮೊಡವೆ ಸ್ವಲ್ಪ ಜಾಸ್ತಿಯಾಗುವುದುಂಟು, ಸುಳ್ಳಲ್ಲ. ಈಗ ಅದು ಮುಖ ತೊಳೆಯುವ ಸೋಪಿಗೂ ಅನ್ವಯ. ಮೊಡವೆ ಇಳಿದರೆ ಔಷಧಿ ಕೆಲಸ ಮಾಡ್ತಿದೆ, ಏರಿದರೂ ಕೆಲಸ ಮಾಡ್ತಿದೆ. ಇಂಥ ಸೌಲಭ್ಯ ಪರೀಕ್ಷೆ ಬರೆಯುವ ಮಕ್ಕಳಿಗೆ ಇದ್ದಿದ್ದರೆ!

ಕೊನೆಗೆ ನಿಜವಾದ ಚರ್ಮದ ಡಾಕ್ಟರ ಹತ್ತಿರ ಹೋದೆ. ಪರದೆ ಇಲ್ಲ, ಆಲ್ಬಮ್ ಇಲ್ಲ. ಎರಡು ಬೆರಳಿನಿಂದ ಕೆನ್ನೆ ಎಳೆದು ನೋಡಿದರು. ಎಳೆದಾಗ ಸಮತಟ್ಟಾಗುವ ಅಲೆಯಂಥ ಗುಳಿಗಳನ್ನು ಕೆಳಗಿನಿಂದ ಹಿಡಿದೆಳೆಯುವ ನಾರು ಇರುತ್ತದಂತೆ, ಸೂಜಿ ಹಾಕಿ ಅದನ್ನು ಬಿಡಿಸಬೇಕು. ಸೂಜಿ ಚುಚ್ಚಿದಂಥ ಸಣ್ಣ, ಆದರೆ ಆಳವಾದ ತೂತುಗಳಿಗೆ ಕಡ್ಡಿಯ ತುದಿಯಲ್ಲಿ ಆಸಿಡ್ ಮುಟ್ಟಿಸಬೇಕು. ಅವುಗಳಲ್ಲಿ ಯಾವುದೂ ನೂರಕ್ಕೆ ನೂರು ಮಾಯವಾಗುವುದಿಲ್ಲ, ತಗ್ಗುತ್ತವೆ. ಇನ್ನು ಈ ಕಂದು ಗುರುತುಗಳು ಗುಳಿಯೇ ಅಲ್ಲ, ಬಣ್ಣ ಅಷ್ಟೇ. ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚಿಕೊಂಡರೆ ತಿಂಗಳುಗಳಲ್ಲಿ ತಾವೇ ಮಾಸುತ್ತವೆ.

“ಸರಿ ಡಾಕ್ಟ್ರೇ, ಯಾವತ್ತು ಶುರು ಮಾಡೋಣ?”

“ಮೊಡವೆ ನಿಂತ ಮೇಲೆ.”

ರಾತ್ರಿ ಬಟಾಣಿ ಕಾಳಿನಷ್ಟು ಅಡಾಪಲೀನ್ (ಅದೂ ಒಂದು ರೆಟಿನಾಯ್ಡೇ), ಬೆಳಿಗ್ಗೆ 2.5 ಶೇಕಡಾ ಬೆಂಜಾಯ್ಲ್ ಪೆರಾಕ್ಸೈಡ್, ಮೂರು ತಿಂಗಳು. ಯುದ್ಧಕ್ಕೆ ಅಂತ ಹೋದವನಿಗೆ ಎರಡು ಟ್ಯೂಬು ಕೊಟ್ಟು ಕಳಿಸಿದರು! ಹತ್ತು ಶೇಕಡಾದ್ದು ಕೊಡಿ ಅಂದೆ, ಆಸೆ ಬಿಡಬೇಕಲ್ಲ. 2.5 ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ, ಉರಿ ಕಡಿಮೆ, ಇದನ್ನು 1986ರಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ ಅಂದರು. ಅಡಾಪಲೀನ್‌ಗೂ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿದ್ದು 1996ರಲ್ಲಿ. ಇಷ್ಟು ಹಳೇ ಸರಕಿಗೆ ಯಾರು ರೀಲ್ಸ್ ಮಾಡುತ್ತಾರೆ? ಹೊರಡುವಾಗ ಡಾಕ್ಟರು ಕೊಟ್ಟ ಇನ್ನೊಂದು ಔಷಧಿ ಎಲ್ಲಕ್ಕಿಂತ ಕಷ್ಟದ್ದು: “ಚಿವುಟಬೇಡಿ.”

ಔಷಧಿಯ ಪರಿಣಾಮ ಎರಡನೇ ವಾರಕ್ಕೇ ಕಂಡಿತು, ಟವೆಲ್ಲಿನ ಮೇಲೆ. ಬೆಂಜಾಯ್ಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತಿನ್ನುತ್ತದೆ. ಕಡುನೀಲಿ ಟವೆಲ್ ನನ್ನ ಗಲ್ಲ ಒರೆಸಿದ ಕಡೆಯೆಲ್ಲ ಬೆಳ್ಳಗಾಯಿತು. ‘ಮೊದಲು’ ಮತ್ತು ‘ನಂತರ’ ಆಲ್ಬಮ್ಮಿಗೆ ಹಾಕಲು ಅದೊಂದೇ ಪ್ರಾಮಾಣಿಕ ಫೋಟೋ.

ಮುಖ ಸುಮ್ಮನಾಗಲು ಹನ್ನೆರಡು ವಾರವೇ ಬೇಕಾಯಿತು. ಮೊನ್ನೆ ಲಿಫ್ಟಿನಲ್ಲಿ ಹಿರಿಯರು ಮತ್ತೆ ಸಿಕ್ಕರು. ಗಲ್ಲದ ತಪಾಸಣೆ ಮುಗಿಸಿ, “ಪರವಾಗಿಲ್ಲ ಕಣಪ್ಪಾ. ಟೂತ್‌ಪೇಸ್ಟೇ ತಾನೇ?” ಅಂದರು. ಮೂರು ಮಹಡಿ ಬಾಕಿ ಇತ್ತು. ಹೂಂ ಅಂದೆ. ಅವರ ಕಣ್ಣು ನಿಧಾನಕ್ಕೆ ನನ್ನ ಹಣೆ ದಾಟಿ ಮೇಲೆ ಹೋಯಿತು.

“ಅದಿರ್ಲಿ, ಕೂದಲು ಯಾಕೆ ಹಿಂಗೆ ಹಿಂದಕ್ಕೆ ಹೋಗ್ತಾ ಇದೆ? ಒಂದು ಎಣ್ಣೆ ಹೇಳ್ತೀನಿ ಕೇಳು.”