ಇಪ್ಪತ್ತೈದನೇ ಅರ

ಕೆಲಸದ ಜಾಹೀರಾತು ಓದಿದರೆ ನನ್ನಂಥವರಿಗೆ ದಿಗಿಲಾಗುತ್ತದೆ. ಎಲ್ಲರಿಗೂ ಹೊಸದಾಗಿ ಯೋಚಿಸುವವರೇ ಬೇಕು. ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಅಚ್ಚುಕಟ್ಟಾಗಿ ಮಾಡುವವರು ಬೇಕು ಅಂತ ಯಾರೂ ಹಾಕುವುದಿಲ್ಲ. ಬೀಗದ ಕೈ ಅದೇ ಮೊಳೆಗೇ ತೂಗಬೇಕು, ಟವೆಲ್ಲು ಮೂರೇ ಮಡಿಕೆ ಇರಬೇಕು ಅನ್ನುವವರು ಮನೆಮನೆಯಲ್ಲೂ ಇದ್ದಾರೆ. ಬೈಸಿಕೊಳ್ಳುವುದೂ ಅವರೇ.

ಇಂಥವರಿಗಾಗಿ ಹೇಳಿ ಮಾಡಿಸಿದ ಹಾಗಿರುವ ಜಾಗ ಹುಬ್ಬಳ್ಳಿಯ ಬೆಂಗೇರಿ. ಅಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಘಟಕದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಬಟ್ಟೆ ಬಾಗಲಕೋಟೆ ಕಡೆಯ ತುಳಸಿಗೇರಿಯಿಂದ ಬರುತ್ತದೆ. ಕೆಲಸ ಮಾಡುವವರಲ್ಲಿ ಹೆಂಗಸರೇ ಜಾಸ್ತಿ.

ಧ್ವಜಕ್ಕೊಂದು ಸರ್ಕಾರಿ ಮಾನಕವಿದೆ. ಅದರ ನಂಬರು ನೋಡಿ, ಐಎಸ್ (ಇಂಡಿಯನ್ ಸ್ಟ್ಯಾಂಡರ್ಡ್) 1. ಅಳತೆಗಳು ಒಂಬತ್ತು. ಎಲ್ಲಕ್ಕಿಂತ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಅಗಲ. ಎಲ್ಲಕ್ಕಿಂತ ಚಿಕ್ಕದು ಮೇಜಿನ ಮೇಲಿಡುವಂಥದ್ದು, 150ಕ್ಕೆ 100. ಯಾವ ಅಳತೆಯಾದರೂ ಉದ್ದ ಅಗಲದ ಲೆಕ್ಕ ಮೂರಕ್ಕೆ ಎರಡೇ. ಮೂರು ಪಟ್ಟಿಗಳೂ ಸಮ ಇರಬೇಕು. ನೂಲು, ನೇಯ್ಗೆ, ಬಣ್ಣ, ಹೊಲಿಗೆ, ಹಗ್ಗ, ಎಲ್ಲಕ್ಕೂ ನಿಯಮ.

ನನಗೆ ಅತಿ ಇಷ್ಟವಾದದ್ದು ಚಕ್ರ. ಬಿಳಿ ಪಟ್ಟಿಯ ಒಂದು ಬದಿಗೆ ಅಚ್ಚೊತ್ತಿದರೆ ಮುಗಿಯಲಿಲ್ಲ. ಹಿಂಬದಿಯ ಚಕ್ರ ಆಚೀಚೆ ಸರಿಯದೆ ಮುಂಬದಿಯದರ ಬೆನ್ನಿಗೇ ಕೂರಬೇಕು. ಅರಗಳು 24. ‘ಇನ್ನೊಂದು ಸೇರಿಸಿದರೆ ತುಂಬಿದ ಹಾಗೆ ಕಾಣುತ್ತೆ’ ಅನ್ನುವ ಕಲಾವಿದರು ದಯವಿಟ್ಟು ಬೇರೆ ಕಡೆ ಅರ್ಜಿ ಹಾಕಬೇಕು.

ಇದನ್ನು ಬುದ್ಧಿಗೆ ಕೆಲಸವಿಲ್ಲದ ದುಡಿಮೆ ಅನ್ನುವವರಿದ್ದಾರೆ. ಅವರು ಎರಡು ಚಕ್ರಗಳನ್ನು ಬೆನ್ನಿಗೆ ಬೆನ್ನು ಕೂರಿಸಿ ನೋಡಲಿ, ಆಮೇಲೆ ಮಾತಾಡೋಣ. ನನಗಂತೂ ಇಂಥ ಕೆಲಸದಲ್ಲಿ ಒಂದು ದೊಡ್ಡ ನೆಮ್ಮದಿ ಕಾಣುತ್ತದೆ. ನಮ್ಮ ಆಫೀಸುಗಳಲ್ಲಿ ಬರೆದ ವರದಿ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಸಾಹೇಬರು ಬೆಳಿಗ್ಗೆ ಯಾವ ಮಗ್ಗುಲಲ್ಲಿ ಎದ್ದರು ಅನ್ನುವುದರ ಮೇಲಿದೆ. ನಿನ್ನೆ ‘ಚುಟುಕಾಗಿರಲಿ’, ಇವತ್ತು ‘ಇಷ್ಟೇನಾ?’. ಹೊಲಿದ ಪಟ್ಟಿಗೆ ಆ ಕಾಟವಿಲ್ಲ. ಅಳತೆಪಟ್ಟಿ ಇಡಿ, ಸರಿಯಿದ್ದರೆ ಸರಿ. ನಿನ್ನೆ ಮೊನ್ನೆ ಸೇರಿದ ಹುಡುಗಿ ಸರಿಯಾಗಿ ಹೊಲಿದಿದ್ದರೆ ಮೇಲಿನವರು ತುಟಿ ಪಿಟಕ್ ಅನ್ನುವ ಹಾಗಿಲ್ಲ. ನಿಯಮ ಅಂದರೆ ಸರಪಳಿ ಅಂತ ಹೇಳುವವರು ಸಾಮಾನ್ಯವಾಗಿ ಸಾಹೇಬರೇ ಆಗಿರುತ್ತಾರೆ, ಗಮನಿಸಿ.

ಆದರೆ ನಿಯಮವನ್ನೇ ನಂಬಿದವರಿಗೆ ಒಂದು ಅಪಾಯವಿದೆ, ನಿಯಮವೇ ಬದಲಾಗಬಹುದು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ಬಂತು. ಕೈಯಿಂದ ನೂತು ನೇಯ್ದ ಬಟ್ಟೆಯೇ ಆಗಬೇಕಿಲ್ಲ, ಯಂತ್ರದಲ್ಲಿ ಮಾಡಿದ್ದೂ ಆದೀತು, ಪಾಲಿಯೆಸ್ಟರೂ ಆದೀತು ಎಂದಾಯಿತು. ಎಲ್ಲರ ಕೈಗೂ ಕಡಿಮೆ ಬೆಲೆಯಲ್ಲಿ ಧ್ವಜ ಸಿಗಲಿ ಅನ್ನುವುದು ಒಪ್ಪತಕ್ಕದ್ದೇ. ಅಷ್ಟು ವರ್ಷ ಒಂದೊಂದು ಮಿಲಿಮೀಟರಿಗೂ ಲೆಕ್ಕ ಕೊಟ್ಟವರಿಗೆ ಮಾತ್ರ ಹೊಟ್ಟೆ ಉರಿಯದೆ ಇರುತ್ತದೆಯೇ?

ಆಗಸ್ಟಿನಲ್ಲಿ ಸಿಗ್ನಲ್ಲಿನ ಬಳಿ ಮಾರುವ ಧ್ವಜ ಕೊಳ್ಳುವಾಗ ನಾನು ಅರಗಳನ್ನು ಎಣಿಸುತ್ತೇನೆ. ಕೆಲವದರಲ್ಲಿ ಚಕ್ರ ಮೊಟ್ಟೆಯ ಹಾಗಿರುತ್ತದೆ. ಇನ್ನು ಕೆಲವದರಲ್ಲಿ ಹದಿನಾರು ಎಣಿಸುವಷ್ಟರಲ್ಲಿ ಹಸಿರು ದೀಪ ಬಂದು ಹಿಂದಿನ ಆಟೊದವರು ಹಾರ್ನ್ ಹೊಡೆಯುತ್ತಾರೆ.