ಚಿತ್ರಕ್ಕಿಂತ ಅದರ ಕಟ್ಟೇ ದುಬಾರಿ ಮಾರಾಯ್ರೆ!

ಎ3 ಅಳತೆಯ ಒಂದು ಜಲವರ್ಣ ಚಿತ್ರಕ್ಕೆ ಕಟ್ಟು (ಫ್ರೇಮ್) ಹಾಕಿಸಲು 1,850 ರೂಪಾಯಿ! ಕಾಸರಗೋಡು ಪೇಟೆಯ ಅಂಗಡಿಯೊಂದರಲ್ಲಿ ಹೇಳಿದ ರೇಟು ಇದು. ಅನಂತಪುರದ ಕೆರೆ ದೇವಸ್ಥಾನದ ಚಿತ್ರ, ಕಾಗದ ಬಣ್ಣ ಎಲ್ಲ ಸೇರಿಸಿದರೂ ನನಗೆ ಇನ್ನೂರರ ಮೇಲೆ ಖರ್ಚಾಗಿಲ್ಲ. ಅದನ್ನು ಮಾರಲು ಹೊರಟರೂ ಇಷ್ಟು ದುಡ್ಡು ಯಾರು ಕೊಡುತ್ತಾರೆ?

ರೇಟಿಗಿಂತ ಜಾಸ್ತಿ ಸಿಟ್ಟು ಬಂದದ್ದು ಲೆಕ್ಕ ಕೇಳಿದಾಗ. ಪಟ್ಟಿ ಅಡಿಗೆ ಎಷ್ಟು, ಗಾಜಿಗೆ ಎಷ್ಟು, ಮೌಂಟಿಗೆ (ಚಿತ್ರದ ಸುತ್ತ ಅಂಚಿನ ಹಾಗೆ ಇಡುವ ದಪ್ಪ ರಟ್ಟು) ಎಷ್ಟು ಅಂತ ಬಿಡಿಸಿ ಹೇಳಿ ಅಂದರೆ "ಎಲ್ಲಾಂ ಕೂಡಿ ಅತ್ರಯಾ, ಚೇಚೀ" (ಎಲ್ಲ ಸೇರಿ ಅಷ್ಟು, ಅಕ್ಕಾ) ಅಂತ ಮಲಯಾಳದಲ್ಲಿ ಒಂದೇ ಉತ್ತರ. ಲೆಕ್ಕ ನಮಗೂ ಬರುತ್ತದೆ ಸ್ವಾಮಿ. ಎ3 ಕಾಗದ ಹೆಚ್ಚುಕಡಿಮೆ 11.7 × 16.5 ಇಂಚು. ಸುತ್ತ ಎರಡೆರಡು ಇಂಚು ಮೌಂಟ್ ಬಿಟ್ಟರೆ ಸುತ್ತಳತೆ 72 ಇಂಚಿನ ಹತ್ತಿರ. ಒಂದಿಂಚು ಅಗಲದ ಪಟ್ಟಿಯ ಮೂಲೆಗಳನ್ನು 45 ಡಿಗ್ರಿಗೆ ಕತ್ತರಿಸುವಾಗ ಇನ್ನೊಂದು ಎಂಟಿಂಚು ಹೋಯಿತು ಅಂತಿಟ್ಟರೂ ಏಳು ಅಡಿಯೊಳಗೆ ಮುಗಿಯಬೇಕು. ಅದೂ ತೇಗ ಅಲ್ಲ, ಮರದ ಬಣ್ಣ ಬಳಿದ ಸಿಂಥೆಟಿಕ್ ಪಟ್ಟಿ!

ಹೋಗಲಿ, ಕೆಲಸವಾದರೂ ನೆಟ್ಟಗಿರುತ್ತದಾ? ಹಿಂದೊಮ್ಮೆ ಅಲ್ಲೇ ಹಾಕಿಸಿದ್ದೆ. ಮೌಂಟೇ ಇಲ್ಲ, ಗಾಜನ್ನು ನೇರ ಕಾಗದಕ್ಕೆ ಒತ್ತಿಟ್ಟು ಹಿಂದೆ ಸುಮ್ನೆ ಒಂದು ರಟ್ಟು ಹೊಡೆದಿದ್ದರು. ನಮ್ಮ ಕಡೆಯ ಮಳೆಗಾಲ ಗೊತ್ತಲ್ವಾ, ಜೂನ್ ಬಂತೆಂದರೆ ಗೋಡೆಯೇ ಬೆವರುತ್ತದೆ. ಒಳಗೆ ಗಾಳಿಗೆ ಜಾಗವಿಲ್ಲದೆ ತೇವ ನಿಂತು, ಬಣ್ಣ ಗಾಜಿಗೆ ಅಂಟಿ, ಆಕಾಶದ ತುಂಬ ಬೂಷ್ಟು. ಕೇಳಿದರೆ ಮಳೆಯ ತೊಂದರೆ ಅಂತೆ. ಇಲ್ಲಿ ಮಳೆ ನಿನ್ನೆ ಶುರುವಾದದ್ದಾ?

ಈಗ ನಾನು ಮೊದಲು ರೆಡಿಮೇಡ್ ಕಟ್ಟು ತಂದು, ಆಮೇಲೆ ಅದರ ಅಳತೆಗೇ ಚಿತ್ರ ಬರೆಯುತ್ತೇನೆ. 12 × 18 ಇಂಚಿನದ್ದು ಫ್ಯಾನ್ಸಿ ಅಂಗಡಿಯಲ್ಲಿ ನಾನ್ನೂರರೊಳಗೆ ಸಿಕ್ಕಿತು. ಮೌಂಟ್ ಬೋರ್ಡನ್ನು ಸ್ಟೀಲ್ ಸ್ಕೇಲು, ಹೊಸ ಬ್ಲೇಡು ಹಿಡಿದು ಮನೆಯಲ್ಲೇ ಕತ್ತರಿಸುತ್ತೇನೆ. ಅಂಚು ಅಂಗಡಿಯವರ ಹಾಗೆ ಓರೆಯಾಗಿ ಬರುವುದಿಲ್ಲ, ಬರದಿದ್ದರೆ ಎಂತ ನಷ್ಟ? ಗಾಜಿಗೂ ಚಿತ್ರಕ್ಕೂ ನಡುವೆ ಎಡೆ ಇದ್ದರೆ ಸಾಕು. ಅಟ್ಟದಲ್ಲಿ ಮಾಸಿ ಹೋದ ದೇವರ ಪಟಗಳ ಹಳೇ ಮರದ ಕಟ್ಟುಗಳೂ ಇವೆ, ಗಟ್ಟಿಮುಟ್ಟು, ಆದರೆ ಪಟ ತೆಗೆಯಲು ಅಮ್ಮನನ್ನು ಒಪ್ಪಿಸುವುದೇ ದೊಡ್ಡ ಕೆಲಸ. ಗಾಜಿನ ತಾಪತ್ರಯವೇ ಬೇಡ ಅಂದರೆ ಕ್ಯಾನ್ವಾಸಿನಲ್ಲಿ ಆಕ್ರಿಲಿಕ್ ಬರೆದು ಹಾಗೇ ತೂಗುಹಾಕಬಹುದು.

ಆಸಿಡ್ ಇಲ್ಲದ, ಅಂದರೆ ಚಿತ್ರದ ಕಾಗದವನ್ನು ಹಳದಿ ಮಾಡದ ಮೌಂಟ್ ಬೋರ್ಡ್ ಮಾತ್ರ ನನಗೆ ಇಲ್ಲೆಲ್ಲೂ ಸಿಕ್ಕಿಲ್ಲ, ಅದಕ್ಕೋಸ್ಕರ ಮಂಗಳೂರಿಗೆ ರೈಲು ಹತ್ತಬೇಕು. ಕುಂಬಳೆ, ಬದಿಯಡ್ಕ ಕಡೆ ಎಲ್ಲಾದರೂ ಇದ್ದರೆ ಹೇಳಿ. ಬಿಲ್ಲು ಬಿಡಿಸಿ ಬರೆದು ಕೊಡುವ ಅಂಗಡಿ ಗೊತ್ತಿದ್ದರೆ ಅದನ್ನೂ ಹೇಳಿ.