ವಾಪಸ್ ತಗೋತಾರಂತೆ

ಬಟ್ಟೆ ಅಂಗಡಿಯಲ್ಲಿ ಒಂದು ಸೀರೆ ಆರಿಸೋಕೆ ಅಮ್ಮನಿಗೆ ಒಂದು ಗಂಟೆ ಬೇಕು. ಸೆರಗು ಬಿಡಿಸುತ್ತಾರೆ, ಹೊರಗೆ ಬಿಸಿಲಿಗೆ ಹಿಡಿದು ಬಣ್ಣ ನೋಡುತ್ತಾರೆ. ‘ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಅಂತ ಬಿಲ್ಲಿನ ಕೆಳಗೆ ಇರುವುದು ಅವರಿಗೆ ಗೊತ್ತು.

ಅದೇ ಅಮ್ಮ ಫೋನಿನಲ್ಲಿ ಮಿಕ್ಸಿ ಆರಿಸಿದ್ದು ಹತ್ತೇ ನಿಮಿಷದಲ್ಲಿ. ಮುಟ್ಟಿಯೇ ನೋಡದ ಸಾಮಾನಿನ ಮೇಲೆ ಅಷ್ಟು ಧೈರ್ಯ ಬಂದಿದ್ದು ‘7 ದಿನ ರಿಪ್ಲೇಸ್‌ಮೆಂಟ್’ ಅನ್ನುವ ಒಂದು ಸಾಲಿನಿಂದ. “ಸರಿ ಇಲ್ಲದಿದ್ರೆ ವಾಪಸ್ ತಗೋತಾರಂತೆ, ತರಿಸು ಮಗಾ” ಅಂದರು. 200 ರೂಪಾಯಿ ಕಡಿಮೆಗೆ ಇನ್ನೊಂದು ಮಿಕ್ಸಿ ಇತ್ತು. ಅದಕ್ಕೆ ಆ ಸಾಲು ಇರಲಿಲ್ಲ, ಬಿಟ್ಟೆವು.

ಬಂದ ಜಾರ್ ಬಿರುಕು ಬಿಟ್ಟಿತ್ತು. ದುಡ್ಡು ವಾಪಸ್ ಕೊಡಿ ಅಂದೆ. ಇದಕ್ಕೆ ರಿಪ್ಲೇಸ್‌ಮೆಂಟ್ ಮಾತ್ರ, ರಿಟರ್ನ್ ಇಲ್ಲ ಅಂದರು. ರಿಪ್ಲೇಸ್‌ಮೆಂಟ್ ಅಂದರೆ ಬದಲಿ ಸಾಮಾನು, ರಿಟರ್ನ್ ಅಂದರೆ ದುಡ್ಡು ವಾಪಸ್, ಎರಡೂ ಬೇರೆ ಅಂತ ಅವತ್ತೇ ನನಗೆ ತಿಳಿದಿದ್ದು. ಅದೂ ಹೋಗಲಿ. ತಿಪಟೂರು ಹತ್ತಿರದ ನಮ್ಮ ಹಳ್ಳಿಗೆ ಡೆಲಿವರಿ ಹುಡುಗ ಬಂದಿದ್ದ, ಆದರೆ ವಾಪಸ್ ಒಯ್ಯೋಕೆ ನಮ್ಮ ಪಿನ್‌ಕೋಡ್‌ಗೆ ಪಿಕಪ್ ಇಲ್ಲವಂತೆ! ನೀವೇ ಕೊರಿಯರ್ ಮಾಡಿ ಅಂದರು. ಅಪ್ಪ ಆ ಡಬ್ಬ ಹೊತ್ತುಕೊಂಡು ಬಸ್ಸು ಹತ್ತಿದರು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಮಾರುವಾಗ ಇದ್ದ ಊರು ವಾಪಸ್ ಪಡೆಯುವಾಗ ಎಲ್ಲಿ ಹೋಯಿತು? ಆರ್ಡರ್ ಮಾಡುವ ಮೊದಲೇ ‘ನಿಮ್ಮ ಊರಿಗೆ ಪಿಕಪ್ ಇಲ್ಲ’ ಅಂತ ದೊಡ್ಡದಾಗಿ ತೋರಿಸಬೇಕಿತ್ತು, ಅಲ್ವಾ?

ಆಮೇಲೆ ಕೂತು ಓದಿದೆ. ಯುರೋಪಿನಲ್ಲಿ ಆನ್‌ಲೈನ್‌ನಲ್ಲಿ ಕೊಂಡ ಹೆಚ್ಚಿನ ಸಾಮಾನನ್ನು 14 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡಬಹುದು. ನಮ್ಮಲ್ಲಿ ಆ ಹಕ್ಕಿಲ್ಲ. ಮನಸ್ಸು ಬದಲಾಯಿತು, ಸೈಜ್ ಆಗಲಿಲ್ಲ ಅಂದರೆ ಕಂಪನಿಯ ಪಾಲಿಸಿಯೇ ಗತಿ. ಆದರೆ ಸಾಮಾನೇ ಕೆಟ್ಟಿದ್ದರೆ, ಅಥವಾ ತೋರಿಸಿದ್ದೊಂದು ಕಳಿಸಿದ್ದೊಂದು ಆಗಿದ್ದರೆ, ವಾಪಸ್ ತಗೊಳ್ಳಲ್ಲ ಅಂತ ಮಾರುವವರು ಹೇಳುವಂತಿಲ್ಲ. 2020ರ ಇ-ಕಾಮರ್ಸ್ ನಿಯಮದಲ್ಲೇ ಇದಿದೆ. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅವತ್ತು ಇದು ಗೊತ್ತಿದ್ದರೆ ಅಪ್ಪನನ್ನು ಬಸ್ಸು ಹತ್ತಿಸುತ್ತಿರಲಿಲ್ಲ.

ಈಗ ಏನೇ ತರಿಸಬೇಕೆಂದರೂ ಅಮ್ಮ ರೇಟು ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು, “ವಾಪಸ್ ತಗೊಂಡು ಹೋಗೋಕೆ ಮನೆಗೇ ಬರ್ತಾರಾ, ನೋಡು.” ಹೋದ ವಾರ ಕುಕ್ಕರ್ ಬೇಕಾಗಿತ್ತು. ತಿಪಟೂರಿನ ಪಾತ್ರೆ ಅಂಗಡಿಗೆ ಹೋಗಿ, ಮುಚ್ಚಳ ಹಾಕಿ ತೆಗೆದು ನೋಡಿ ತಂದರು.